ಅಜ್ಜಿ ಮರೆತ ಶುಕ್ರವಾರ

ಪರದೆಯ ಮೇಲೆ ಹಸಿರು ಬಂತು.

"ಇನ್ನೊಂದ್ ಸಲ ಕೇಳು," ಎಂದೆ.

ಲೋಸಾ ತುಇಲಗಿ ಮತ್ತೆ ಅದೇ ಎರಡು ಹೆಸರುಗಳನ್ನು ಟೈಪ್ ಮಾಡಿದಳು. ಒಂದು ಬಿಳಿ ಪುಡಿ, ಇನ್ನೊಂದು ಅದನ್ನು ಕರಗಿಸುವ ದ್ರಾವಕ. ಯಂತ್ರ ಒಂದು ಗಳಿಗೆ ಯೋಚಿಸಿತು. ಮತ್ತೆ ಹಸಿರು. ಬಿಸಿಯೇರುವುದಿಲ್ಲ, ಉಕ್ಕುವುದಿಲ್ಲ, ಧೈರ್ಯವಾಗಿ ಬೆರೆಸಿ ಎಂದು ಅದರ ಅರ್ಥ.

ಇದೇ ಹಸಿರನ್ನು ನಂಬಿ ಡಾಕ್ಟರ್ ಇಮೊಜೆನ್ ರಾಫ್ಟರಿ ಹೋದ ವಾರ ಇವೆರಡನ್ನೂ ದೊಡ್ಡ ಗಾಜಿನ ಪಾತ್ರೆಯಲ್ಲಿ ಬೆರೆಸಿ ಸತ್ತಿದ್ದಳು. ಗೋಡೆಯಾಚೆಯ ಆ ಕೋಣೆಯ ಬಾಗಿಲಿಗೆ ನಾವು ಕಟ್ಟಿದ ಪಟ್ಟಿ ಇನ್ನೂ ಹಾಗೇ ಇತ್ತು. ಸುಟ್ಟ ವಾಸನೆ ಮಾತ್ರ ಪೊಲೀಸರಿಗೆ ಹೆದರುವ ಜಾತಿಯದಲ್ಲ, ಸಂದಿಯಿಂದ ನುಸುಳಿ ಹೊರಗೆ ಬರುತ್ತಲೇ ಇತ್ತು.

ಆ ಪುಡಿಯನ್ನು ತೂಗಿ, ಸೀಸೆಗೆ ತುಂಬಿ, ಇಮೊಜೆನ್ ಕೈಗೆ ಕೊಟ್ಟವಳು ಲೋಸಾ. ಹೆಸ್ಲಪ್ ರಸಾಯನ ಸಂಸ್ಥೆಯ ದೊಡ್ಡವರೆಲ್ಲ ಒಂದೇ ಮಾತು ಹಿಡಿದಿದ್ದರು. ಯಂತ್ರ ತಪ್ಪುವುದಿಲ್ಲ, ಆದ್ದರಿಂದ ತಪ್ಪು ಸೀಸೆಯಲ್ಲೇ ಇದ್ದಿರಬೇಕು. ನನ್ನ ಮೇಲಧಿಕಾರಿ ಇನ್‌ಸ್ಪೆಕ್ಟರ್ ಗ್ಯಾವಿನ್ ಸ್ಟ್ರಾಹನ್‌ಗೂ ಅದೇ ಅನುಕೂಲವಾಗಿ ಕಂಡಿತ್ತು. ಸಂಜೆಯೊಳಗೆ ನಾನು ಬೇರೆ ಕಾರಣ ಹುಡುಕಿ ಕೊಡದಿದ್ದರೆ, ಅಜಾಗರೂಕತೆಯಿಂದ ಒಂದು ಜೀವ ತೆಗೆದ ಆರೋಪ ಲೋಸಾಳ ತಲೆಗೆ ಕಟ್ಟುತ್ತಿದ್ದರು. ಹುಡುಗಿಗೆ ಇನ್ನೂ ಮೂವತ್ತು ತುಂಬಿಲ್ಲ. ಅಂಥ ಆರೋಪ ಹೊತ್ತವಳ ಕೈಗೆ ಮುಂದೆ ಯಾವ ಪ್ರಯೋಗಾಲಯದವರೂ ಒಂದು ಚಮಚ ಸಕ್ಕರೆಯನ್ನೂ ಕೊಡುವುದಿಲ್ಲ.

"ನಮ್ಮಮ್ಮನೂ ಹೀಗೇ ಬಾಸ್," ಎಂದ ನನ್ನ ಜೊತೆಗಾರ ಸ್ಪೈರೊ ಕಲೋಗೆರಾಸ್. "ಹತ್ತು ಸಲ ಕೇಳಿದ್ರೂ ಅದೇ ಉತ್ತರ. ಹನ್ನೊಂದನೇ ಸಲ ಕೇಳಿದ್ರೆ ಚಪ್ಪಲಿ."

ನಾನು ನಗಲಿಲ್ಲ. ನಮ್ಮ ಜೀಲಾಂಗ್ ಊರಿನ ಮೇಲೆ ಬೆಳಗಿನಿಂದ ಫೆಬ್ರವರಿ ಬೇಸಿಗೆಯ ಬಿಸಿಗಾಳಿ ಉತ್ತರದಿಂದ ಬೀಸುತ್ತಿತ್ತು, ಎಲ್ಲೋ ದೂರದಲ್ಲಿ ಹುಲ್ಲುಗಾವಲು ಉರಿದು ಆಕಾಶ ಚಹಾದ ಬಣ್ಣಕ್ಕೆ ತಿರುಗಿತ್ತು. ಇಂಥ ದಿನ ನನಗೆ ಮಂಡಿ ನೋಯುತ್ತದೆ, ಜನರ ಮೇಲಿನ ನಂಬಿಕೆಯೂ ಕಡಿಮೆಯಾಗುತ್ತದೆ. ಸಾರ್ಜೆಂಟ್ ಬ್ರೊನ್ವಿನ್ ಟ್ರೆಸೈಸ್ ಆದ ನಾನು ಮುಖ ಗಂಟು ಹಾಕಿಕೊಂಡಿದ್ದೇನೆ ಎಂದರೆ ಠಾಣೆಯಲ್ಲಿ ಎಲ್ಲರೂ ಮೊದಲು ಗಾಳಿಯ ದಿಕ್ಕು ನೋಡುತ್ತಾರೆ.

ಇಲ್ಲಿ ಯಾರೂ ಆ ಯಂತ್ರವನ್ನು ಅದರ ನಿಜವಾದ ಹೆಸರಿನಿಂದ ಕರೆಯುವುದಿಲ್ಲ. ಎಲ್ಲರಿಗೂ ಅದು ಅಜ್ಜಿ. ಜಗತ್ತಿನ ಪ್ರಯೋಗಾಲಯಗಳಲ್ಲಿ ಯಾರು ಯಾವುದಕ್ಕೆ ಏನು ಬೆರೆಸಿದರು, ಕೊನೆಗೆ ಏನಾಯಿತು ಎಂಬ ಲಕ್ಷಾಂತರ ಸಂಗತಿಗಳನ್ನು ಅವಳ ಹೊಟ್ಟೆಗೆ ತುಂಬಿದ್ದಾರೆ. ಹೊಸದಾಗಿ ಏನನ್ನಾದರೂ ಬೆರೆಸುವ ಮೊದಲು ಅವಳನ್ನು ಕೇಳಬೇಕು. ಇದರಂಥದ್ದು ಹಿಂದೆ ಹೇಗೆ ನಡೆದುಕೊಂಡಿತ್ತು ಎಂದು ನೆನೆದು ನೋಡಿ ಅವಳು ಹಸಿರು, ಹಳದಿ, ಇಲ್ಲವೇ ಕೆಂಪು ತೋರಿಸುತ್ತಾಳೆ. ಸಂಬಂಧ ಕುದುರಿಸುವ ಮುಂಚೆ ಮನೆಯ ಹಿರಿಯರನ್ನು ಒಂದು ಮಾತು ಕೇಳಿದ ಹಾಗೆ.

"ಲೋಸಾ, ನಿನ್ನ ಮೇಜಿನ ನೇರಕ್ಕೆ ಸೂರಿನಲ್ಲಿ ಒಂದು ಕಂದು ಕಲೆ ಇದೆ," ಎಂದೆ. "ಏನದು?"

ಕೀಬೋರ್ಡಿನ ಮೇಲಿದ್ದ ಅವಳ ಬೆರಳುಗಳು ನಿಂತವು. "ಹಳೇದು ಮೇಡಂ."

"ಹಳೇದು ಅಂತ ನಂಗೂ ಕಾಣ್ಸತ್ತೆ. ಹೇಗಾಯ್ತು ಅಂತ ಕೇಳಿದ್ದು."

ಅವಳು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ದೊಡ್ಡ ಕೈಗಳು, ಆದರೆ ಗಾಜು ಮುಟ್ಟಿ ಮುಟ್ಟಿ ನಾಜೂಕಾಗಿದ್ದವು.

"ಜುಲೈ ಚಳಿಗಾಲದಲ್ಲಿ ನಾನೂ ಇದೇ ಪುಡಿನ ಇದೇ ದ್ರಾವಕಕ್ಕೆ ಹಾಕಿದ್ದೆ. ಅರ್ಧ ಚಮಚಾನೂ ಇರ್ಲಿಲ್ಲ. ಸ್ವಲ್ಪ ಹೊತ್ತು ಏನೂ ಆಗ್ಲಿಲ್ಲ. ಆಮೇಲೆ ಬುರಬುರ ಅಂತ ಉಕ್ಕಿ ಮುಚ್ಚಳ ಹಾರಿಹೋಯ್ತು."

ಸ್ಪೈರೊ ಜಗಿಯುತ್ತಿದ್ದ ಚೂಯಿಂಗ್ ಗಮ್ ಬಾಯಲ್ಲೇ ನಿಂತಿತು. "ಅರ್ಧ ಚಮಚಕ್ಕೆ ಸೂರಿಗೆ ಬಡೀತಾ? ಇಮೊಜೆನ್ ಹಾಕಿದ್ದು ಎಷ್ಟು?"

"ಎರಡು ಹಿಡಿ ಆಗ್ಬಹುದು. ಕಡಿಮೆ ಇದ್ರೆ ಕಾವು ಹೊರಗೆ ಹೋಗತ್ತೆ. ಜಾಸ್ತಿ ಇದ್ರೆ ಹೋಗಕ್ಕೆ ದಾರಿ ಇಲ್ಲ, ಒಳಗೇ ಬೆಳೀತಾ ಹೋಗತ್ತೆ."

"ಇಷ್ಟೆಲ್ಲ ಗೊತ್ತಿದ್ದೂ ಸೀಸೆ ತುಂಬಿ ಕೊಟ್ಯಾ?" ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು.

"ಯಾವುದಕ್ಕೆ ಹಾಕ್ತೀನಿ ಅಂತ ಅವಳು ಹೇಳ್ಲಿಲ್ಲ. ನಾನು ಕೇಳ್ಲಿಲ್ಲ. ಇಲ್ಲಿ ಯಾರೂ ಯಾರನ್ನೂ ಕೇಳಲ್ಲ ಮೇಡಂ. ಎಲ್ರೂ ಅಜ್ಜಿನ ಕೇಳ್ತಾರೆ."

"ಅಜ್ಜಿಗೆ ನೀನು ಹೇಳಿದ್ಯಾ?"

"ಹೇಳಿದ್ದೆ. ಆ ಶುಕ್ರವಾರ ಪೈ ಫಾಲಾ ತಂದಿದ್ದೆ."

"ಏನ್ ತಂದಿದ್ದೆ?" ಎಂದ ಸ್ಪೈರೊ. ತಿನ್ನುವ ವಸ್ತುವಿನ ವಾಸನೆ ಅವನಿಗೆ ಎಲ್ಲಿದ್ದರೂ ಹತ್ತುತ್ತದೆ.

ಅವಳು ನಿಧಾನವಾಗಿ ವಿವರಿಸಿದಳು. ರಸಾಯನಶಾಸ್ತ್ರಿಗಳು ಗೆದ್ದದ್ದನ್ನು ಊರಿಗೆಲ್ಲ ಸಾರುತ್ತಾರೆ, ಸೋತದ್ದನ್ನು ನುಂಗಿಕೊಂಡು ಸುಮ್ಮನಾಗುತ್ತಾರೆ. ಬರೀ ಗೆಲುವುಗಳನ್ನೇ ತಿನ್ನಿಸಿ ಬೆಳೆಸಿದ ಯಂತ್ರ, ಬೈಗುಳವನ್ನೇ ಕೇಳದೆ ಬೆಳೆದ ಮಗುವಿನಂತೆ, ಯಾವುದಕ್ಕೂ ಹೆದರುವುದಿಲ್ಲ. ಅದಕ್ಕೇ ಹೆಸ್ಲಪ್‌ನಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದರು. ವಾರದಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಸೋತವರು ಶುಕ್ರವಾರದ ಚಹಾಕ್ಕೆ ತಿಂಡಿ ತರಬೇಕು. ಎಲ್ಲರೆದುರು ನಿಂತು ಹೇಗೆ ಸೋತೆ ಎಂದು ಹೇಳಬೇಕು. ಚಹಾ ಕೋಣೆಯ ಗೋಡೆಯ ಮೇಲಿರುವ ಪರದೆಯಲ್ಲಿ ಆ ಸೋಲು ಅಜ್ಜಿಯ ಹೊಟ್ಟೆಗೆ ಹೋದ ಮೇಲೇ ಮಿಕ್ಕವರ ಬಾಯಿಗೆ ತಿಂಡಿ.

ಹೆಚ್ಚಿನವರು ಅಂಗಡಿಯ ಲ್ಯಾಮಿಂಗ್ಟನ್ ಕೇಕು ತಂದು ಕೈ ತೊಳೆದುಕೊಳ್ಳುತ್ತಿದ್ದರು. ಲೋಸಾಳ ಸರದಿಯಲ್ಲಿ ಅವಳ ತಾಯಿ ಸಮೋವಾದ ಪೈ ಫಾಲಾ ಮಾಡಿ ಕಳಿಸಿದ್ದಳಂತೆ. ಅನಾನಸ್ ಹೂರಣ ತುಂಬಿದ, ನೋಡಲು ಕರಿಗಡುಬಿನಂಥ ತಿಂಡಿ.

"ಇಮೊಜೆನ್ ತಿಂದಿದ್ಲಾ?"

"ಅವಳು ಆಗ ಬಂದೇ ಇರ್ಲಿಲ್ಲ. ಡನೀಡಿನ್‌ನಿಂದ ಇಲ್ಲಿಗೆ ಬಂದಿದ್ದು ವಸಂತದಲ್ಲಿ."

"ಇದನ್ನ ಒಂದು ವಾರದಿಂದ ಯಾಕೆ ಹೇಳ್ಲಿಲ್ಲ?"

"ಕಲೆ ಬಗ್ಗೆ ಇವತ್ತೇ ಅಲ್ವಾ ನೀವು ಕೇಳಿದ್ದು?" ಎಂದಳು. ಆಮೇಲೆ ದನಿ ತಗ್ಗಿಸಿ, "ಬಿಟ್ಬಿಡಿ ಮೇಡಂ. ಸೀಸೆ ಕೊಟ್ಟಿದ್ದು ನಾನೇ. ಹಾಗೇ ಬರ್ಕೊಳ್ಳಿ," ಎಂದಳು.

ನನಗೆ ರೇಗಿತು. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ತಪ್ಪು ಮಾಡಿದವರು ತಪ್ಪಿಸಿಕೊಳ್ಳಲು ಹಾಕುವ ಲಾಗಗಳನ್ನೆಲ್ಲ ನೋಡಿದ್ದೇನೆ. ತಪ್ಪು ಮಾಡದವರು ತಾವಾಗಿ ಕೊರಳೊಡ್ಡುವುದನ್ನು ಮಾತ್ರ ನನ್ನಿಂದ ನೋಡಲಾಗುವುದಿಲ್ಲ.

"ಈ ಒಳ್ಳೇತನ ಎಲ್ಲ ಭಾನುವಾರ ಚರ್ಚಿಗೆ ಇಟ್ಕೋ," ಎಂದೆ. "ನೀನು ಹೇಳಿದ್ದು ನಿಜ ಆದ್ರೆ ಅಜ್ಜಿ ಕೆಂಪು ತೋರಿಸ್ಬೇಕಿತ್ತು. ಹೌದೋ ಅಲ್ವೋ?"

ಅವಳು ಪರದೆಯ ಹಸಿರನ್ನೇ ನೋಡುತ್ತಾ, "ಹೌದು," ಎಂದಳು.

"ಬಾಸ್," ಎಂದ ಸ್ಪೈರೊ ಇದ್ದಕ್ಕಿದ್ದಂತೆ. "ಕೆಳಗಡೆ ಇನ್ನೊಬ್ಳು ಅಜ್ಜಿ ಇದಾಳೆ."

"ಏನು?"

"ಬೆಳಿಗ್ಗೆ ನಿಮಗೋಸ್ಕರ ಕಾಯ್ತಿದ್ದಾಗ ನೋಡ್ದೆ. ಬಾಗಿಲ ಹತ್ರ, ಶಾಲೆ ಮಕ್ಕಳು ಬಂದಾಗ ಆಟ ಆಡಕ್ಕೆ ಅಂತ ಒಂದು ಹಳೇ ಯಂತ್ರ ಇಟ್ಟಿದಾರೆ. ಅಜ್ಜಿದೇ ನಕಲು, ಹೋದ ಅಕ್ಟೋಬರಲ್ಲಿ, ವಸಂತದಲ್ಲಿ ಇಳಿಸಿಕೊಂಡಿದ್ದಂತೆ. ಆಮೇಲೆ ಯಾರೂ ಮುಟ್ಟಿಲ್ವಂತೆ. ಮೀಟ್ ಪೈಗೆ ಟೊಮೆಟೊ ಸಾಸ್ ಹಾಕಿದ್ರೆ ಏನಾಗತ್ತೆ ಅಂತ ಕೇಳ್ದೆ. ಹಳದಿ ತೋರಿಸಿದ್ಳು."

ಮೂವರೂ ಮೆಟ್ಟಿಲಿಳಿದೆವು. ಲೋಸಾ ನಮ್ಮ ಹಿಂದೆ ಬಂದಳು, ಬೇಗ ಬರಲಿಲ್ಲ.

ಕೆಳಗಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಗಾಳಿ ಗಾಜಿನ ಬಾಗಿಲನ್ನು ಅಲುಗಾಡಿಸುತ್ತಿತ್ತು. ಮೂಲೆಯಲ್ಲಿ ಮಕ್ಕಳ ಎತ್ತರದ ಮೇಜು, ಅದರ ಮೇಲೆ ಆ ಹಳೆಯ ಯಂತ್ರ. ಪರದೆಯಲ್ಲಿ ಕನ್ನಡಕ ಹಾಕಿಕೊಂಡ, ಗಂಟು ಕಟ್ಟಿದ ಬಿಳಿ ಕೂದಲಿನ ಬೊಂಬೆ ಅಜ್ಜಿಯೊಬ್ಬಳು ನಗುತ್ತಿದ್ದಳು.

ಲೋಸಾ ಆ ಪುಟ್ಟ ಕುರ್ಚಿಯಲ್ಲಿ ಕುಳಿತು ಎರಡು ಹೆಸರು ಟೈಪ್ ಮಾಡಿದಳು. ಯಂತ್ರದ ಫ್ಯಾನು ಜೋರಾಗಿ ತಿರುಗತೊಡಗಿತು. ತುಂಬಾ ಹೊತ್ತು ತೆಗೆದುಕೊಂಡಿತು.

ಪರದೆ ಪೂರ್ತಿ ಕೆಂಪಾಯಿತು. ಬೊಂಬೆ ಅಜ್ಜಿಯ ನಗು ಮಾಯವಾಗಿ, ಅವಳು ಬೆರಳಾಡಿಸುತ್ತಾ ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದಳು: "ಬೇಡ ಪುಟ್ಟಾ. ಸುಟ್ಕೊಳ್ತೀಯ."

ಇದೇ ಮಾತನ್ನು ಮೇಲಿನ ಅಜ್ಜಿ ಹೇಳಿದ್ದರೆ ಇಮೊಜೆನ್ ಈ ಹೊತ್ತು ಬದುಕಿರುತ್ತಿದ್ದಳು.

"ಹಾಗಾದ್ರೆ ಮೇಲಿನವಳು ಹೇಗೆ ಮರೆತಳು?" ಎಂದು ಕೇಳಿದೆ.

ಲೋಸಾ ತಿರುಗಿ ನೋಡಲಿಲ್ಲ. "ಗುಡಿಸುವಾಗ ಹೋಗಿರ್ಬಹುದು. ಅಜ್ಜಿನ ನೋಡ್ಕೊಳ್ಳೋ ವಾರಿಕ್ ಪೆಲ್ ಹೊಸ ವರ್ಷದಲ್ಲಿ ಅವಳನ್ನ ಶುದ್ಧ ಮಾಡ್ತಾರೆ. ಪ್ರತಿ ಪ್ರಯೋಗಕ್ಕೂ ಎಷ್ಟು ಫಲ ಬಂತು ಅಂತ ಒಂದು ಜಾಗ ಇರತ್ತೆ. ಸೋತಿದ್ದಕ್ಕೆ ಫಲವೇ ಇಲ್ಲ, ಆ ಜಾಗ ಖಾಲಿ. ಖಾಲಿ ಇರೋದನ್ನೆಲ್ಲ ಕಸ ಅಂತ ಒಟ್ಟಿಗೆ ಗುಡಿಸಿಬಿಟ್ರೆ…"

"ಸೋಲೆಲ್ಲ ಕಸದ ಬುಟ್ಟಿಗೆ," ಎಂದ ಸ್ಪೈರೊ. "ಅಯ್ಯೋ ದೇವ್ರೆ. ಅಷ್ಟೇನಾ? ಪೊರಕೆ ತಪ್ಪಾ?"

"ಅಷ್ಟೇ ಇರ್ಬಹುದು. ಬೇರೆ ಕಡೆನೂ ಆಗಿದೆ." ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಅಷ್ಟು ಸಾಕಲ್ವಾ ಮೇಡಂ?"

ಸಾಕಾಗಿತ್ತು. ಯಂತ್ರ ಮರೆತಿದೆ ಎಂದು ತೋರಿಸಿದರೆ ಸೀಸೆಯ ಮಾತೇ ಬರುವುದಿಲ್ಲ. ಸ್ಟ್ರಾಹನ್ ಗೊಣಗುತ್ತಾ ಒಪ್ಪಿಕೊಳ್ಳುತ್ತಿದ್ದ, ಲೋಸಾ ಸಂಜೆಗೆ ತಾಯಿಯ ಮನೆಗೆ ಊಟಕ್ಕೆ ಹೋಗುತ್ತಿದ್ದಳು. ಒಳ್ಳೆಯ ಪೊಲೀಸರು ಅಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಹಾಗೆ ನಿಲ್ಲಿಸುವುದು ಯಾವತ್ತೂ ಬಂದಿಲ್ಲ. ಗುಡಿಸಿದ್ದರೆ ಎಲ್ಲ ಸೋಲುಗಳೂ ಹೋಗಿರಬೇಕು, ಒಂದೇ ಹೋಗಿದ್ದರೆ ಅದು ಪೊರಕೆಯ ಕೆಲಸವಲ್ಲ. ಇಷ್ಟು ನೋಡದೆ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

"ಇನ್ನೊಂದೇ ಒಂದು," ಎಂದೆ. "ಚಹಾ ಕೋಣೆಗೆ ಹೋಗೋಣ."

ಚಹಾ ಕೋಣೆಯಲ್ಲಿ ಇಬ್ಬರಿದ್ದರು. ಮೇಜಿನ ಮೇಲೆ ಕಾಲು ಚಾಚಿದ್ದ ಮುದುಕ ನೆವಿಲ್ ಬ್ರಾಡ್‌ಫೂಟ್, ನಿವೃತ್ತಿಯ ಅಂಚಿನಲ್ಲಿದ್ದ ರಸಾಯನಶಾಸ್ತ್ರಿ. ಇನ್ನೊಬ್ಬಳು ಥುಯ್ ಲಾಮ್, ಲೋಸಾಳ ಪಕ್ಕದ ಮೇಜಿನವಳು, ಬಾಯಿ ಹರಿತ.

"ಶುಕ್ರವಾರಗಳ ಬಗ್ಗೆ ಹೇಳಿ," ಎಂದೆ. "ಯಾರು ಏನು ತಿಂಡಿ ತಂದಿದ್ರು?"

ನೆವಿಲ್ ಹುಬ್ಬೇರಿಸಿದ. "ಕೊಲೆ ತನಿಖೆಗೆ ಬಂದೋರು ಕೇಕ್ ಕೇಳ್ತಿದೀರಲ್ಲ."

"ಕೊಲೆ ಅಂತ ನಾನು ಹೇಳ್ಲಿಲ್ಲ."

"ಇಲ್ಲಿರೋರೆಲ್ಲ ಒಳಗೊಳಗೇ ಅಂತಿದಾರೆ," ಎಂದಳು ಥುಯ್. "ಇವನು ಕಳೆದ ವರ್ಷ ಮೂರು ಸಲ ಸೋತ. ಮೂರು ಸಲವೂ ಅದೇ ಒಣಗಿದ ಲ್ಯಾಮಿಂಗ್ಟನ್. ಕಡಿದ್ರೆ ಹಲ್ಲು ಬೀಳ್ಬೇಕು."

"ನೀನ್ ತಂದ ಹಸಿರು ಕೇಕು? ಅದನ್ನ ತಿಂದು ನಾನು ಎರಡು ದಿನ ಹಸಿರಾಗಿದ್ದೆ."

"ಅದು ಪಾಂಡನ್ ಎಲೆ ಕಣೋ ಮುದುಕಾ. ನಾಲಿಗೆ ಇದ್ದೋರಿಗೆ ಮಾಡಿದ್ದು."

"ಲೋಸಾ ಏನು ತಂದಿದ್ಳು?"

ಇಬ್ಬರ ಮುಖವೂ ಅರಳಿತು. "ಪೈ ಫಾಲಾ!" ಎಂದ ನೆವಿಲ್. "ನಾನು ನಾಲ್ಕು ತಿಂದೆ."

"ಅವಳು ಯಾವ ಪ್ರಯೋಗದಲ್ಲಿ ಸೋತಿದ್ದು?"

ನೆವಿಲ್ ಬಾಯಿ ತೆರೆದ, ಮುಚ್ಚಿದ. ಥುಯ್ ಕಡೆ ನೋಡಿದ. ಅವಳು ತಲೆಯಾಡಿಸಿದಳು.

"ನೆನಪಿಲ್ಲ," ಎಂದ ಅವನು, ನಾಚಿಕೊಂಡು. "ಅಜ್ಜಿಗೆ ಹೇಳಿದ್ಮೇಲೆ ನಾವ್ಯಾರೂ ತಲೆಯಲ್ಲಿ ಇಟ್ಕೊಳ್ಳಲ್ಲ. ಅದಕ್ಕೇ ಅಲ್ವಾ ಅವಳು ಇರೋದು."

ತಿಂಡಿ ನೆನಪಿದೆ, ಸಾವು ತರುವ ಸಂಗತಿ ನೆನಪಿಲ್ಲ. ಇಷ್ಟೊಂದು ಓದಿದವರೆಲ್ಲ ತಮ್ಮ ನೆನಪನ್ನು ಒಂದು ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತೆಯಾಗಿ ಚಹಾ ಕುಡಿಯುತ್ತಿದ್ದರು. ನನಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಯಿತು.

"ನಿಮ್ಮ ನಿಮ್ಮ ಸೋಲಾದ್ರೂ ನೆನಪಿದ್ಯಾ?"

"ಅದನ್ನ ಮರೀಬೇಕು ಅಂದ್ರೂ ಆಗಲ್ಲ," ಎಂದಳು ಥುಯ್.

"ಹಾಗಾದ್ರೆ ಒಂದೊಂದಾಗಿ ಅಜ್ಜಿನ ಕೇಳಿ."

ಥುಯ್ ಗೋಡೆಯ ಪರದೆಯ ಮುಂದೆ ಕುಳಿತಳು. ನೆವಿಲ್‌ನ ಮೊದಲ ಸೋಲು: ಹಳದಿ. ಎರಡನೆಯದು: ಕೆಂಪು. ಮೂರನೆಯದು: ಹಳದಿ. ಥುಯ್‌ಳದು: ಕೆಂಪು. ಕೆಲಸ ಬಿಟ್ಟು ಹೋದ ಒಬ್ಬನ ಸೋಲನ್ನೂ ನೆವಿಲ್ ಜ್ಞಾಪಿಸಿಕೊಂಡು ಹೇಳಿದ, ಅವನು ಸುಟ್ಟದ್ದು ನೆವಿಲ್‌ನ ಹೊಸ ಕೋಟನ್ನಂತೆ. ಅದೂ ಕೆಂಪು. ಅಜ್ಜಿ ಒಂದನ್ನೂ ಮರೆತಿರಲಿಲ್ಲ.

"ಈಗ ಲೋಸಾದು," ಎಂದೆ. ಹೆಸರುಗಳನ್ನು ನಾನೇ ಹೇಳಿದೆ.

ಹಸಿರು.

ನೆವಿಲ್ ಕಾಲು ಕೆಳಗಿಳಿಸಿ ನೆಟ್ಟಗೆ ಕುಳಿತ. ಥುಯ್ ಕೀಬೋರ್ಡಿನಿಂದ ಕೈ ಹಿಂದೆಳೆದುಕೊಂಡು ಲಂಗಕ್ಕೆ ಒರೆಸಿಕೊಂಡಳು.

"ನಾಳೆ ಬೆಳಿಗ್ಗೆ ಒಂದು ಪ್ರಯೋಗ ಇದೆ ನಂದು," ಎಂದಳು ಮೆಲ್ಲಗೆ. "ಇವಳು ಹಸಿರು ಅಂದಿದಾಳೆ."

"ಮಾಡ್ಬೇಡ," ಎಂದೆ.

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಯಾರೋ ಅಜ್ಜಿಯ ನೆನಪಿನಿಂದ ಒಂದೇ ಒಂದು ಶುಕ್ರವಾರವನ್ನು ಎಳೆದು ತೆಗೆದಿದ್ದರು. ಆ ಜಾಗಕ್ಕೆ ಸರಿಯಾಗಿ ಒಬ್ಬ ಹೆಂಗಸು ಬಂದು ಕಾಲಿಟ್ಟಿದ್ದಳು.

"ತೆಗೆಯೋ ಅಧಿಕಾರ ಯಾರಿಗಿದೆ?"

"ವಾರಿಕ್ ಪೆಲ್ ಒಬ್ರಿಗೇ," ಎಂದ ನೆವಿಲ್. "ಅಜ್ಜಿನ ಸಾಕಿ ಬೆಳೆಸಿದ್ದೇ ಅವರು. ಬೇರೆ ಯಾರೂ ಒಂದು ಅಕ್ಷರ ಅಳಿಸಕ್ಕಾಗಲ್ಲ."

ನಾನು ಹೊರಗೆ ಬಂದು ಸ್ಟ್ರಾಹನ್‌ಗೆ ಫೋನ್ ಮಾಡಿದೆ. ಬಿಸಿಗಾಳಿಗೆ ನನ್ನ ಮಾತು ನನಗೇ ಸರಿಯಾಗಿ ಕೇಳುತ್ತಿರಲಿಲ್ಲ.

"ಗ್ಯಾವಿನ್, ಇದು ಅಜಾಗರೂಕತೆ ಅಲ್ಲ. ಸೀಸೆಲಿ ಏನೂ ತಪ್ಪಿಲ್ಲ. ಗೊತ್ತಿದ್ದು ಗೊತ್ತಿದ್ದೇ ಯಂತ್ರದಿಂದ ಒಂದು ಸಂಗತಿ ತೆಗೆದಿದಾರೆ. ಇದು ಕೊಲೆ."

"ನಿಜವಾಗ್ಲೂ? ಕೊಲೆ ಅಂತ ಬರ್ಕೊಳ್ಲಾ?"

"ಬರ್ಕೋ."

ಇಷ್ಟು ಗಟ್ಟಿಯಾಗಿ ಹೇಳಿದ್ದಕ್ಕೆ ನನಗೆ ಹೆಮ್ಮೆಯಾಗಿತ್ತು.

ವಾರಿಕ್ ಪೆಲ್‌ನ ಕೋಣೆ ಮೇಲಿನ ಮಹಡಿಯಲ್ಲಿತ್ತು. ಕೊಲ್ಲಿಯ ಕಡೆಗೆ ದೊಡ್ಡ ಕಿಟಕಿ. ನೀರು ಸೀಸದ ಬಣ್ಣಕ್ಕೆ ತಿರುಗಿತ್ತು, ಆಚೆ ದಡದಲ್ಲಿ ತೈಲ ಶುದ್ಧೀಕರಣ ಕಾರ್ಖಾನೆಯ ಜ್ವಾಲೆ ಗಾಳಿಗೆ ಒಂದೇ ಕಡೆ ಬಾಗಿ ಉರಿಯುತ್ತಿತ್ತು. ಪೆಲ್ ಐವತ್ತರ ಆಸುಪಾಸಿನ ಸಪೂರ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು.

ಸ್ಟ್ರಾಹನ್ ಬಂದು ಕಿಟಕಿಗೆ ಒರಗಿ ನಿಂತ. ಲೋಸಾಳನ್ನು ನಾನೇ ಕರೆದುಕೊಂಡು ಬಂದಿದ್ದೆ. ಒಂದು ವಾರ ಕಳ್ಳಿಯ ಹಾಗೆ ತಲೆ ತಗ್ಗಿಸಿ ಓಡಾಡಿದವಳು, ತನ್ನ ತಪ್ಪಿಲ್ಲ ಎಂಬುದನ್ನು ತನ್ನ ಕಿವಿಯಿಂದಲೇ ಕೇಳಲಿ ಎಂದು ನನ್ನ ಆಸೆ. ಅವಳು ಸ್ಪೈರೊ ಪಕ್ಕದಲ್ಲಿ ಬಾಗಿಲ ಹತ್ತಿರ ನಿಂತಳು.

"ಚಹಾ ಕುಡೀತೀರಾ ಸಾರ್ಜೆಂಟ್?" ಎಂದ ಪೆಲ್.

"ಬೇಡ. ಇದನ್ನ ಕೊಲೆ ಅಂತ ಬರ್ಕೊಂಡಿದೀವಿ. ಅಜ್ಜಿ ಯಾಕೆ ಮರೆತಳು, ವಾರಿಕ್?"

"ಯಾವುದನ್ನ?"

"ಒಂದು ಬಿಳಿ ಪುಡಿ ಉಕ್ಕಿ ಸೂರಿಗೆ ಬಡಿದಿದ್ದನ್ನ. ಕೆಳಗಿರೋ ಮಕ್ಕಳ ಅಜ್ಜಿಗೆ ನೆನಪಿದೆ. ನಿಮ್ಮ ಅಜ್ಜಿಗೆ ಇಲ್ಲ."

ಅವನ ಕಣ್ಣು ಒಮ್ಮೆ ಮಿಟುಕಿತು, ಅಷ್ಟೇ. "ಹೊಸ ವರ್ಷದ ಶುದ್ಧೀಕರಣದಲ್ಲಿ ಫಲ ಬರದ ಪ್ರಯೋಗಗಳು ಕೆಲವು ಸಲ…"

"ನೆವಿಲ್‌ನ ಲ್ಯಾಮಿಂಗ್ಟನ್ ಮೂರೂ ಹಾಗೇ ಇದೆ. ಥುಯ್‌ಳ ಹಸಿರು ಕೇಕು ಹಾಗೇ ಇದೆ. ಕೋಟು ಸುಟ್ಟೋನದೂ ಇದೆ. ನಿಮ್ಮ ಪೊರಕೆ ಒಂದನ್ನ ಮಾತ್ರ ಆರಿಸ್ಕೊಂಡು ಗುಡಿಸ್ತಾ?"

ಪೆಲ್ ಚಹಾದ ಬಟ್ಟಲನ್ನು ತಟ್ಟೆಯ ಮೇಲಿಟ್ಟ. ಸದ್ದಾಗದ ಹಾಗೆ ಇಟ್ಟ.

"ಕೇಕ್ ಹಿ‌ಡ್ಕೊಂಡು ಬಂದ್ರಾ," ಎಂದ. "ಜಾಣೆ ನೀವು."

"ನಾನು ಜಾಣೆ ಅಲ್ಲ, ಹಟಮಾರಿ. ತೆಗೆದಿದ್ದು ನೀವೇನಾ?"

"ನಾನೇ."

ಸ್ಟ್ರಾಹನ್ ಕಿಟಕಿಯಿಂದ ಬೆನ್ನು ಕಿತ್ತು ನೆಟ್ಟಗೆ ನಿಂತ. ಇಷ್ಟು ಸುಲಭವಾಗಿ ಒಪ್ಪುತ್ತಾನೆಂದು ನಾನು ಎಣಿಸಿರಲಿಲ್ಲ. ಸುಲಭವಾಗಿ ಬಂದದ್ದನ್ನು ನಾನು ನಂಬುವವಳಲ್ಲ, ಆದರೂ ಆ ಕ್ಷಣ ನಂಬಿದೆ.

"ಯಾವಾಗ?"

"ಇಮೊಜೆನ್ ಹೋಗೋದಕ್ಕೆ ಕೆಲವು ದಿನ ಮುಂಚೆ."

"ಅವಳು ಆ ಪ್ರಯೋಗ ಮಾಡ್ತಾಳೆ ಅಂತ ಗೊತ್ತಿತ್ತಾ?"

"ನನಗೆ ಗೊತ್ತಿರ್ಲಿಲ್ಲ." ಅವನು 'ನನಗೆ' ಎಂಬುದನ್ನು ಸ್ವಲ್ಪ ಒತ್ತಿ ಹೇಳಿದ. "ಸಾರ್ಜೆಂಟ್, ನಮ್ಮ ಶುಕ್ರವಾರದ ಪದ್ಧತಿ ನಿಮಗೆ ಯಾರೋ ಅರ್ಧ ಹೇಳಿದಾರೆ. ಇನ್ನರ್ಧ ನಾನು ಹೇಳ್ಲಾ?"

"ಹೇಳಿ."

"ಅಜ್ಜಿಗೆ ಕೊಟ್ಟ ಸೋಲು ಕೊಟ್ಟವರ ಸೊತ್ತು. ಅದನ್ನ ತೆಗೀರಿ ಅಂತ ನಿರ್ದೇಶಕರೇ ಬಂದು ಕೇಳಿದ್ರೂ ನಾನು ಮುಟ್ಟಲ್ಲ. ಕೊಟ್ಟವರೇ ಬರ್ಬೇಕು. 'ನಾನು ಅವತ್ತು ಸರಿಯಾಗಿ ಮಾಡಿರ್ಲಿಲ್ಲ, ಪಾತ್ರೆ ಕೊಳಕಾಗಿತ್ತು, ಆ ಸೋಲನ್ನ ವಾಪಸ್ ತಗೊಳ್ತೀನಿ' ಅಂತ ಬಾಯಿ ಬಿಟ್ಟು ಹೇಳ್ಬೇಕು. ಆಗ ಮಾತ್ರ ತೆಗೀತೀನಿ. ಯಾರು ಕೇಳಿದ್ರು ಅಂತ ಮೂರನೆಯವರಿಗೆ ಹೇಳಲ್ಲ. ಹಾಗೆ ಇಲ್ಲದಿದ್ರೆ ಇಲ್ಲಿ ಯಾರೂ ತಮ್ಮ ಸೋಲನ್ನ ಬಾಯಿ ಬಿಡ್ತಿರ್ಲಿಲ್ಲ."

ಅವನು ಮಾತು ಮುಗಿಸುವ ಮೊದಲೇ ನನಗೆ ಅರ್ಥವಾಗಿತ್ತು: ಆ ಸೋಲನ್ನು ಕೊಟ್ಟವಳು ಲೋಸಾ, ವಾಪಸ್ ಕೇಳಿದವಳೂ ಅವಳೇ. ಅರ್ಥವಾಗದಿರಲಿ ಎಂದು ನಾನು ಅವನ ಮುಖವನ್ನೇ ನೋಡುತ್ತಾ ನಿಂತೆ. ಬಾಗಿಲ ಕಡೆ ತಿರುಗಲು ನನಗೆ ಧೈರ್ಯ ಸಾಲಲಿಲ್ಲ.

"ಇಷ್ಟು ದಿನ ನಾನೂ ಹೇಳಿರ್ಲಿಲ್ಲ," ಎಂದ ಪೆಲ್. "ಆದ್ರೆ ಈಗ ನೀವು ಕೊಲೆ ಅಂತಿದೀರ. ಕೊಲೆನ ನನ್ನ ತಲೆಗೆ ಕಟ್ಟಿಸ್ಕೊಳ್ಳೋಷ್ಟು ದೊಡ್ಡ ಮನುಷ್ಯ ನಾನಲ್ಲ."

ಸ್ಟ್ರಾಹನ್ ಬಾಗಿಲ ಕಡೆ ನೋಡಿದ. ಸ್ಪೈರೊ ನೋಡಿದ. ಕೊನೆಗೆ ನಾನೂ ತಿರುಗಿದೆ.

ಲೋಸಾಳ ಆ ದೊಡ್ಡ ಕೈಗಳು ಒಂದನ್ನೊಂದು ಹಿಸುಕುತ್ತಿದ್ದವು.

"ಸುಳ್ಳು ಅಂತ ಹೇಳು," ಎಂದೆ. "ಲೋಸಾ, ಇವನು ಹೇಳ್ತಿರೋದು ಸುಳ್ಳು ಅಂತ ಒಂದು ಮಾತು ಹೇಳು."

ಅವಳು ನೆಲ ನೋಡಿದಳು.

ಅರ್ಧ ಗಂಟೆಯ ಹಿಂದೆ ಇವಳ ಮೇಲಿದ್ದದ್ದು ಒಂದು ಸೀಸೆಯ ತಪ್ಪು. ಅದರಿಂದಲೂ ಪಾರಾಗಿ ಮನೆಗೆ ಹೋಗುವ ದಾರಿ ತೆರೆದಿತ್ತು. ಕೆಳಗಿನ ಕೋಣೆಯಲ್ಲಿ, ಅಷ್ಟು ಸಾಕಲ್ವಾ ಎಂದು ಇವಳೇ ಬೇಡಿಕೊಂಡಿದ್ದಳು. ನಾನು ಕೇಳದೆ ಒಂದೊಂದೇ ಬಾಗಿಲು ಮುಚ್ಚುತ್ತಾ ಬಂದೆ, ಈಗ ಒಳಗಿದ್ದವಳು ಇವಳೊಬ್ಬಳೇ.

"ಬ್ರೊನ್," ಎಂದ ಸ್ಟ್ರಾಹನ್. ಅವನ ದನಿಯಲ್ಲಿ ಕುಹಕವಿರಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ಕೊಲೆ ಅಂತ ಬರ್ಕೋ ಅಂದಿದ್ದು ನೀನು. ಇನ್ನು ಮುಂದಿನ ಮಾತೂ ನೀನೇ ಹೇಳ್ಬೇಕು."

ನಾನು ಅವಳ ಮುಂದೆ ಹೋಗಿ ನಿಂತೆ. ಎಷ್ಟೋ ಜನರಿಗೆ ಹೇಳಿದ ಮಾತು ಅದು, ನಿದ್ದೆಯಲ್ಲೂ ಹೇಳಬಲ್ಲೆ. ಆದರೂ ಒಂದೊಂದೇ ಪದ ಜೋಡಿಸಿಕೊಂಡು ಹೇಳಿದೆ.

"ಲೋಸಾ ತುಇಲಗಿ, ಇಮೊಜೆನ್ ರಾಫ್ಟರಿಯ ಕೊಲೆ ಆರೋಪದ ಮೇಲೆ ನಿನ್ನನ್ನ ಬಂಧಿಸ್ತಾ ಇದೀನಿ. ನೀನು ಏನೂ ಹೇಳ್ಬೇಕಾಗಿಲ್ಲ. ಏನೇ ಹೇಳಿದ್ರೂ ಅದು ನಿನ್ನ ವಿರುದ್ಧ ಸಾಕ್ಷಿ ಆಗ್ಬಹುದು. ಗೊತ್ತಾಯ್ತಾ?"

ಅವಳು ತಲೆಯಾಡಿಸಿದಳು. ಸ್ಪೈರೊ ಅವಳ ತೋಳು ಹಿಡಿದ. ಹಿಡಿಯುವಾಗ ನನ್ನ ಕಡೆ ನೋಡಲಿಲ್ಲ.

ಬಾಗಿಲು ದಾಟುವಾಗ ಲೋಸಾ ನಿಂತಳು. ನನ್ನ ಹೆಗಲ ಮೇಲಿಂದ, ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕುಳಿತಿದ್ದ ಪೆಲ್‌ನ ಕಡೆ ನೋಡಿದಳು. ಆ ನೋಟದಲ್ಲಿ ಬೆಳಗಿನಿಂದ ನಾನು ಕಂಡ ಹುಡುಗಿ ಇರಲಿಲ್ಲ.

"ಹೇಳಲ್ಲ ಅಂತ ಮಾತು ಕೊಟ್ಟಿದ್ರಿ, ವಾರಿಕ್," ಎಂದಳು. "ಇದರಲ್ಲಿ ನಿಮ್ಮ ಪಾಲೇನು ಅಂತ ನಾನು ಇನ್ನೂ ಯಾರಿಗೂ ಹೇಳಿಲ್ಲ."